ಹೂಗ್ಲಿಯ ದಡ ಹಿಡಿದು ಕಲ್ಕತ್ತೆಯನ್ನು ನೋಡುವ ಬಗೆ

ಮಹಾನಗರವೊಂದನ್ನು ನೋಡಹೊರಟವರು ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಬೆಳಗಿನಿಂದ ಇಳಿಹೊತ್ತಿನವರೆಗೆ ಬಾಡಿಗೆಯ ಕಾರಿನಲ್ಲಿ ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಧಾವಿಸಿ, ಪ್ರತಿಯೊಂದು ಕಟ್ಟಡದ ಮುಂದೆಯೂ ಕಾಲು ಗಂಟೆ ನಿಂತು ಛಾಯಾಚಿತ್ರ ತೆಗೆದುಕೊಂಡು ಹಿಂದಿರುಗುವ ಪದ್ಧತಿಯೊಂದುಂಟು. ಕಲ್ಕತ್ತೆಯ ಮಟ್ಟಿಗೆ ಅದು ಏನೇನೂ ಫಲಕಾರಿಯಲ್ಲ. ಅಲ್ಲಿನ ದೇವಾಲಯ, ಸ್ಮಾರಕ, ವಿದ್ಯಾಸಂಸ್ಥೆ, ಪೇಟೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹರಡಿಕೊಂಡಿರುವಂತೆ ಕಾಣುವುದು ರಸ್ತೆಯಿಂದ ನೋಡುವವರಿಗೆ ಮಾತ್ರ. ಹೂಗ್ಲಿ ಎಂಬ ಹೆಸರಿನಿಂದ ಹರಿಯುವ ಗಂಗೆಯ ಕವಲಿನ ಕಡೆಯಿಂದ ನೋಡಿದವರಿಗೆ ಅವೆಲ್ಲವೂ ಒಂದೇ ಚರಿತ್ರೆಯ ಅಂಗಗಳೆಂಬುದು ತಾನಾಗಿಯೇ ವೇದ್ಯವಾಗುತ್ತದೆ. 1690ರಲ್ಲಿ ಇಂಗ್ಲಿಷ್ ಕಂಪನಿಯ ಜಾಬ್ ಚಾರ್ನಾಕ್ ಬಂದಿಳಿದದ್ದು ಈ ನದಿಯ ಪೂರ್ವತೀರದ ಸುತಾನುಟಿಯಲ್ಲಿ. ಸುತಾನುಟಿ, ಗೋವಿಂದಪುರ, ಕಲಿಕಾತಾ ಎಂಬ ಮೂರು ಗ್ರಾಮಗಳು ಕೂಡಿ ಬೆಳೆದದ್ದೇ ಈ ನಗರ. ಹಡಗುಗಳನ್ನು ಸಮುದ್ರದಿಂದ ಒಳನಾಡಿಗೆ ಕರೆತರಬಲ್ಲ ಈ ನೀರಿನ ಬಲದಿಂದಲೇ ಅದು ಮೊದಲು ವ್ಯಾಪಾರಸ್ಥಾನವಾಗಿ, ಅನಂತರ, 1911ರಲ್ಲಿ ರಾಜಧಾನಿಯನ್ನು ದೆಹಲಿಗೆ ಒಯ್ಯುವ ಘೋಷಣೆ ಹೊರಡುವವರೆಗೂ, ಬ್ರಿಟಿಷ್ ಭಾರತದ ರಾಜಧಾನಿಯಾಗಿ ಮೆರೆಯಿತು. ಆದುದರಿಂದ ನದಿಯನ್ನೇ ದಾರಿಯಾಗಿ ಹಿಡಿದು, ಉತ್ತರದಿಂದ ದಕ್ಷಿಣಕ್ಕೆ, ದಿನಕ್ಕೆ ಒಂದು ಭಾಗದಂತೆ ಸಾವಧಾನವಾಗಿ ಇಳಿದು ಬರುವುದೇ ಕಲ್ಕತ್ತೆಯನ್ನು ನೋಡುವ ಯುಕ್ತವಾದ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ನಾಲ್ಕು ಪೂರ್ಣ ದಿವಸಗಳು ಬೇಕು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ನಮ್ಮವರಿಗೆ ಅತ್ಯಂತ ಹಿತವಾದದ್ದು. ಏಪ್ರಿಲ್, ಮೇ ತಿಂಗಳುಗಳ ತೇವಭರಿತ ಬೇಗೆ ಬೆಂಗಳೂರು, ಮೈಸೂರುಗಳ ಹವೆಗೆ ಒಗ್ಗಿದ ದೇಹವನ್ನು ಮಧ್ಯಾಹ್ನದ ಹೊತ್ತಿಗೇ ಬಳಲಿಸಿಬಿಡುತ್ತದೆ, ಮಳೆಗಾಲದಲ್ಲಿ ತಗ್ಗಿನ ಬೀದಿಗಳಲ್ಲಿ ನೀರು ನಿಲ್ಲುವುದು ಸಾಮಾನ್ಯ. ನವರಾತ್ರಿಯಲ್ಲಿ ಹೋಗುವವರು ದುರ್ಗಾಪೂಜೆಯನ್ನು ನೋಡುವುದಕ್ಕಾಗಿಯೇ ಹೋಗತಕ್ಕದ್ದು. ಯುನೆಸ್ಕೋ 2021ರಲ್ಲಿ ಮಾನವಕುಲದ ಅಮೂರ್ತ ಪರಂಪರೆಗಳ ಸಾಲಿಗೆ ಸೇರಿಸಿದ ಆ ಮಹೋತ್ಸವದ ದಿನಗಳಲ್ಲಿ ಇಡೀ ನಗರವೇ ಬೀದಿಗಿಳಿದಿರುತ್ತದೆಯಾದ್ದರಿಂದ, ವಸ್ತುಸಂಗ್ರಹಾಲಯ ಗ್ರಂಥಾಲಯಗಳನ್ನು ನೋಡುವ ಆಸೆಯನ್ನು ಆಗ ಇಟ್ಟುಕೊಳ್ಳಬಾರದು. ಇನ್ನೊಂದು ಎಚ್ಚರಿಕೆ: ಇಲ್ಲಿಯ ವಸ್ತುಸಂಗ್ರಹಾಲಯಗಳಲ್ಲಿ ಬಹುಪಾಲು ಸೋಮವಾರ ಮುಚ್ಚಿರುತ್ತವೆ, ದೊಡ್ಡ ದೇವಾಲಯಗಳು ನಡುಹಗಲಿನಲ್ಲಿ ಕೆಲವು ಗಂಟೆಗಳ ಕಾಲ ಬಾಗಿಲು ಹಾಕುತ್ತವೆ; ಈ ಎರಡು ಸಂಗತಿಗಳನ್ನು ಮರೆತು ಕಾರ್ಯಕ್ರಮ ಹಾಕಿಕೊಂಡವರು ಮುಚ್ಚಿದ ಬಾಗಿಲುಗಳನ್ನು ನೋಡಿ ಮರಳಬೇಕಾದೀತು.

ಬೆಂಗಳೂರಿನಿಂದ ವಿಮಾನದಲ್ಲಿ ಹೋದರೆ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಬಹುದಾದರೂ, ಒಂದು ದಿನಕ್ಕೂ ಮಿಕ್ಕ ಕಾಲವನ್ನು ವ್ಯಯಿಸಬಲ್ಲವರು ರೈಲಿನಲ್ಲಿ ಹೋಗಿ ಹೌರಾ ನಿಲ್ದಾಣದಲ್ಲಿ ಇಳಿಯುವುದು ಲೇಸು. ಏಕೆಂದರೆ ಹೌರಾ ಇರುವುದು ನದಿಯ ಪಶ್ಚಿಮ ದಡದಲ್ಲಿ, ನಗರ ಇರುವುದು ಎದುರಿನ ದಡದಲ್ಲಿ, ಮತ್ತು ನಿಲ್ದಾಣದಿಂದ ಹೊರಬಿದ್ದ ಕೂಡಲೇ ದೋಣಿಕಟ್ಟೆ. ಅಲ್ಲಿ ಅತ್ಯಲ್ಪ ಬೆಲೆಯ ಚೀಟಿ ಕೊಂಡು ಯಾಂತ್ರಿಕ ದೋಣಿಯೇರಿ ಪೂರ್ವದಡಕ್ಕೆ ದಾಟುವಾಗ ಎಡಗಡೆ ತಲೆಯ ಮೇಲೆಯೋ ಎಂಬಂತೆ ಹೌರಾ ಸೇತುವೆ ನಿಂತಿರುತ್ತದೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಸಂಚಾರಕ್ಕೆ ತೆರೆದ ಈ ಸೇತುವೆಗೆ ಸುಮಾರು 26,500 ಟನ್ ಉಕ್ಕು ಬೇಕಾಯಿತು, ಅದರ ಬಹುಭಾಗ ಜೆಮ್‌ಷೆಡ್‌ಪುರದ ಟಾಟಾ ಕಾರ್ಖಾನೆಯಿಂದ ಬಂದದ್ದು. ನದಿಯ ಮಧ್ಯದಲ್ಲಿ ಒಂದು ಕಂಬವೂ ಇಲ್ಲದೆ 457 ಮೀಟರುಗಳ ಅಂತರವನ್ನು ಅದು ದಾಟುತ್ತದೆ. ನಟ್ಟು ಬೋಲ್ಟುಗಳಿಲ್ಲದೆ ರಿವೆಟ್ಟುಗಳಿಂದಲೇ ಬೆಸೆಯಲ್ಪಟ್ಟಿದೆ. 1965ರಲ್ಲಿ ಇದಕ್ಕೆ ರವೀಂದ್ರ ಸೇತು ಎಂದು ನಾಮಕರಣವಾಯಿತಾದರೂ ಜನರ ಬಾಯಲ್ಲಿ ಉಳಿದಿರುವುದು ಹಳೆಯ ಹೆಸರೇ. ಸೇತುವೆಯ ಪೂರ್ವದ ಬುಡದಲ್ಲಿರುವ ಮಲ್ಲಿಕ್ ಘಾಟಿನ ಹೂವಿನ ಪೇಟೆಗೆ ಬೆಳಗ್ಗೆ ಏಳು ಗಂಟೆಯೊಳಗಾಗಿ ಹೋಗತಕ್ಕದ್ದು. ಚೆಂಡುಹೂವಿನ ಹಾರಗಳನ್ನು ಹೊರೆಯಾಗಿ ಹೊತ್ತವರು ದಾರಿ ಬಿಡಿರೆಂದು ಕೂಗುತ್ತ ಬರುವಾಗ ಪಕ್ಕಕ್ಕೆ ಸರಿದು ನಿಲ್ಲುವುದು ಯಾತ್ರಿಕನ ಧರ್ಮ; ಅವರು ದುಡಿಯುವವರು, ನಾವು ನೋಡಬಂದವರು.

ಮೊದಲನೆಯ ದಿನವನ್ನು ಉತ್ತರದ ತುದಿಯಲ್ಲಿರುವ ದಕ್ಷಿಣೇಶ್ವರಕ್ಕೂ ಎದುರುದಡದ ಬೇಲೂರು ಮಠಕ್ಕೂ ಮೀಸಲಿಡಬೇಕು. 1984ರಲ್ಲಿ ಭಾರತದಲ್ಲೇ ಮೊಟ್ಟಮೊದಲು ಆರಂಭವಾದ ಕಲ್ಕತ್ತೆಯ ಮೆಟ್ರೋ ರೈಲು ಈಗ ದಕ್ಷಿಣೇಶ್ವರದವರೆಗೂ ಹೋಗುತ್ತದೆಯಾದ್ದರಿಂದ ಹಿಂದಿನ ಪ್ರಯಾಸವೇನೂ ಇಲ್ಲ. ರಾಣಿ ರಾಸಮಣಿ ಎಂಬ ಧೀಮಂತ ಮಹಿಳೆ ಕಟ್ಟಿಸಿ 1855ರಲ್ಲಿ ಪ್ರತಿಷ್ಠೆ ಮಾಡಿಸಿದ ಭವತಾರಿಣಿಯ ಆಲಯ, ಒಂಬತ್ತು ಶಿಖರಗಳುಳ್ಳ ವಂಗೀಯ ನವರತ್ನ ಶೈಲಿಯದು; ನಮ್ಮ ಗೋಪುರ, ಮುಖಮಂಟಪಗಳ ರೂಢಿಯ ಕಣ್ಣಿಗೆ ಅದರ ಬಾಗಿದ ಸೂರಂಚುಗಳು ಮೊದಲು ಹೊಸತೆನಿಸಿದರೂ, ನದಿಯ ಕಡೆಗೆ ಸಾಲಾಗಿ ನಿಂತ ಹನ್ನೆರಡು ಶಿವಾಲಯಗಳ ಜೊತೆಗೂಡಿ ನೋಡಿದಾಗ ಅದರ ಗಾಂಭೀರ್ಯ ಮನಸ್ಸನ್ನು ತುಂಬುತ್ತದೆ. ಆದರೆ ದೇವಿಯ ದರ್ಶನದ ಸರದಿ ಮುಗಿದೊಡನೆ ಹೊರಟುಬಿಡುವವರು ಇಲ್ಲಿಯ ಸಾರವನ್ನು ಕಾಣದೆ ಹೋಗುತ್ತಾರೆ. ಅಂಗಳದ ವಾಯವ್ಯ ಮೂಲೆಯಲ್ಲಿ ಶ್ರೀರಾಮಕೃಷ್ಣರು ವಾಸವಾಗಿದ್ದ ಕೋಣೆ ಇದೆ. ಅದರಾಚೆಗೆ ಶಾರದಾದೇವಿಯವರು ವರ್ಷಗಟ್ಟಲೆ ಬಾಳಿದ, ನಹಬತ್ತು ಎಂಬ ವಾದ್ಯಗೋಪುರದ ಕೆಳಗಿನ ಇಕ್ಕಟ್ಟಾದ ಕೊಠಡಿ ಇದೆ. ಇನ್ನೂ ಮುಂದೆ ಪಂಚವಟಿ ಇದೆ. ನಹಬತ್ತಿನ ಆ ಕೊಠಡಿಯ ಬಾಗಿಲಲ್ಲಿ ನಿಂತು, ಇಷ್ಟೇ ಜಾಗದಲ್ಲಿ ಅಡುಗೆ, ಅತಿಥಿಸತ್ಕಾರ, ಜಪತಪಗಳೆಲ್ಲವೂ ನಡೆದವೆಂಬುದನ್ನು ಮನಸ್ಸಿಗೆ ತಂದುಕೊಂಡವರಿಗೆ, ಕಲ್ಕತ್ತೆಯ ಅಮೃತಶಿಲೆಯ ಮಹಲುಗಳನ್ನು ಆಮೇಲೆ ನೋಡುವ ದೃಷ್ಟಿಯೇ ಬೇರೆಯಾದೀತು.

ಬೆಳಗಿನ ಒಂಬತ್ತು ಒಂಬತ್ತೂವರೆಯ ವೇಳೆಗೆ ದಕ್ಷಿಣೇಶ್ವರದ ಘಾಟಿನಿಂದ ದೋಣಿ ಹಿಡಿದರೆ, ಮಧ್ಯಾಹ್ನದ ವಿರಾಮಕ್ಕೆ ಬಾಗಿಲು ಮುಚ್ಚುವ ಮೊದಲೇ ಬೇಲೂರು ಮಠವನ್ನು ಸೇರಬಹುದು. ರಸ್ತೆಯ ಮೂಲಕವೂ ಹೋಗಲು ಬರುವುದಾದರೂ ಹಾಗೆ ಮಾಡಬೇಡಿರೆಂದೇ ನನ್ನ ಕೋರಿಕೆ. ಗುರುವಿನ ಸಾಧನಭೂಮಿಯಿಂದ ಶಿಷ್ಯನ ಕರ್ಮಭೂಮಿಗೆ ಹೋಗುವ ಹಾದಿ ಈ ನದಿಯೇ. ವಿವೇಕಾನಂದರು ನೆಲಸಿ, 1902ರ ಜುಲೈ 4ರಂದು ದೇಹವಿಟ್ಟ ಕೋಣೆಯನ್ನು ಇಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. 1938ರಲ್ಲಿ ಪ್ರತಿಷ್ಠಿತವಾದ ಶ್ರೀರಾಮಕೃಷ್ಣ ಮಂದಿರದಲ್ಲಿ ಹಿಂದೂ ದೇವಾಲಯ, ಮಸೀದಿ, ಚರ್ಚುಗಳ ವಾಸ್ತುರೂಪಗಳು ಬುದ್ಧಿಪೂರ್ವಕವಾಗಿ ಹೊಂದಿಕೊಂಡಿವೆ. ಒಂದೊಂದು ದಿಕ್ಕಿನಿಂದಲೂ ಸುತ್ತಿ ನೋಡಿ. ಕನ್ನಡಿಗನಿಗೆ ಈ ಸ್ಥಳ ಪರಸ್ಥಳವಲ್ಲ. 1892ರಲ್ಲಿ ಪರಿವ್ರಾಜಕರಾಗಿ ಮೈಸೂರಿಗೆ ಬಂದ ಸ್ವಾಮೀಜಿಯನ್ನು ಅರಮನೆಯ ಅತಿಥಿಯಾಗಿ ಆದರಿಸಿದವರು ಚಾಮರಾಜೇಂದ್ರ ಒಡೆಯರು. ತರುಣ ಕವಿ ಕುವೆಂಪು ಮೈಸೂರಿನಿಂದ ಇಲ್ಲಿಗೆ ಬಂದು ಶ್ರೀರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ಮಂತ್ರದೀಕ್ಷೆ ಪಡೆದದ್ದು 1929ರಲ್ಲಿ. ಮಂದಿರದೊಳಗೆ ಕ್ಯಾಮರಾ ಬಳಸಕೂಡದು. ಸಂಜೆಯ ಆರತಿಯವರೆಗೆ ಉಳಿಯಬೇಕೆನ್ನುವವರು ಕಡೆಯ ದೋಣಿ ಎಷ್ಟು ಹೊತ್ತಿಗೆಂಬುದನ್ನು ಮುಂಚೆಯೇ ವಿಚಾರಿಸಿಕೊಂಡು, ತಪ್ಪಿದರೆ ಹೌರಾದ ಕಡೆಗೆ ಬಸ್ಸು ಹಿಡಿಯಲು ಸಿದ್ಧರಾಗಿರಬೇಕು.

ಎರಡನೆಯ ದಿನ ಉತ್ತರ ಕಲ್ಕತ್ತೆಯ ಓಣಿಗಳಿಗೆ. ಇಲ್ಲಿ ವಾಹನ ನಿರುಪಯುಕ್ತ, ಕಾಲ್ನಡಿಗೆಯೇ ಸರಿ. ಶೋಭಾಬಜಾರ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನದಿಯ ಕಡೆಗೆ ನಡೆದರೆ ಕುಮಾರಟುಲಿ ಎಂಬ ಕುಂಬಾರರ ಕೇರಿ ಸಿಕ್ಕುತ್ತದೆ. ಬಿದಿರು, ಹುಲ್ಲುಗಳ ಹಂದರಕ್ಕೆ ನದಿಯ ಜೇಡಿಮಣ್ಣು ಮೆತ್ತಿ ದುರ್ಗಾಪ್ರತಿಮೆಗಳನ್ನು ಮಾಡುವ ಈ ಶಿಲ್ಪಿಗಳ ಕೈಚಳಕವನ್ನು ನೋಡಲು ಶ್ರಾವಣ, ಭಾದ್ರಪದಗಳು ಪ್ರಶಸ್ತ ಕಾಲ. ನಾವು ಪಿತೃಗಳಿಗೆ ತರ್ಪಣ ಕೊಡುವ ಮಹಾಲಯ ಅಮಾವಾಸ್ಯೆಯ ದಿನವೇ ಇಲ್ಲಿ ದೇವಿಗೆ ಕಣ್ಣು ಬರೆಯುವ ಸಂಪ್ರದಾಯ. ಬೇರೆ ತಿಂಗಳುಗಳಲ್ಲಿಯೂ ಯಾವುದಾದರೊಂದು ಪೂಜೆಯ ಮೂರ್ತಿಗಳು ತಯಾರಾಗುತ್ತಲೇ ಇರುತ್ತವೆ. ಕೆಲಸ ಮಾಡುವವರ ಚಿತ್ರ ತೆಗೆಯುವ ಮುನ್ನ ಅವರ ಅನುಮತಿ ಕೇಳಿ.

ಅಲ್ಲಿಂದ ದಕ್ಷಿಣಕ್ಕೆ ಹಳೆಯ ಚಿತ್ಪುರ ರಸ್ತೆಯಲ್ಲಿ ನಡೆದುಬಂದರೆ ಜೋಡಾಸಾಂಕೋ ಓಣಿಯಲ್ಲಿ ಠಾಕೂರರ ಮನೆ. 1861ರಲ್ಲಿ ರವೀಂದ್ರನಾಥರು ಹುಟ್ಟಿದ್ದು ಈ ಮನೆಯಲ್ಲಿ, 1941ರ ಆಗಸ್ಟ್ 7ರಂದು ಕೊನೆಯುಸಿರೆಳೆದದ್ದೂ ಇಲ್ಲಿಯೇ. ಈಗ ರವೀಂದ್ರಭಾರತಿ ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿದ ವಸ್ತುಸಂಗ್ರಹಾಲಯ. ಕೆಂಪು ಗೋಡೆಗಳೂ ಹಸುರು ಜಾಲಂದ್ರಗಳೂ ಉಳ್ಳ ಉದ್ದನೆಯ ಮೊಗಸಾಲೆಗಳಲ್ಲಿ ಒಂದು ಕುಟುಂಬವೇ ಸಂಗೀತ, ನಾಟಕ, ಚಿತ್ರಕಲೆ, ಧರ್ಮಚಿಂತನೆಗಳನ್ನು ಹೇಗೆ ದಿನನಿತ್ಯದ ಬದುಕಾಗಿ ಮಾಡಿಕೊಂಡಿತ್ತೆಂಬುದು ಇಲ್ಲಿ ತಿಳಿಯುತ್ತದೆ. ಎರಡು ಗಂಟೆಯ ಕಾಲ ಕೊಡದೆ ಇಲ್ಲಿಂದ ಹೊರಡಬಾರದು. ಸಮೀಪದಲ್ಲಿರುವ ಮಾರ್ಬಲ್ ಪ್ಯಾಲೆಸ್, ರಾಜೇಂದ್ರ ಮಲ್ಲಿಕರು 1835ರಲ್ಲಿ ಕಟ್ಟಿಸಿದ ಖಾಸಗಿ ಮಹಲು. ಪ್ರವಾಸೋದ್ಯಮ ಕಚೇರಿಯಿಂದ ಮುಂಚಿತವಾಗಿ ಅನುಮತಿಪತ್ರ ಪಡೆದವರಿಗೆ ಪ್ರವೇಶ. ಸೋಮವಾರವಲ್ಲದೆ ಗುರುವಾರವೂ ಅದಕ್ಕೆ ರಜ. ಸಮಯ ಕಡಿಮೆಯಿದ್ದರೆ ಬಿಡಬಹುದಾದದ್ದು ಇದು.

ಬಿಡಬಾರದಾದದ್ದು ಕಾಲೇಜು ಬೀದಿ. 1817ರಲ್ಲಿ ಹಿಂದೂ ಕಾಲೇಜೆಂದು ಪ್ರಾರಂಭವಾದ ಪ್ರೆಸಿಡೆನ್ಸಿ, ಈಶ್ವರಚಂದ್ರ ವಿದ್ಯಾಸಾಗರರು ಪ್ರಾಂಶುಪಾಲರಾಗಿದ್ದ ಸಂಸ್ಕೃತ ಕಾಲೇಜು, 1857ರ ಕಲ್ಕತ್ತಾ ವಿಶ್ವವಿದ್ಯಾಲಯ, ಇವೆಲ್ಲವೂ ಕೂಗಳತೆಯಲ್ಲಿವೆ. ಇವುಗಳ ಬೇಲಿಗೆ ಆತುಕೊಂಡಂತೆ ಹಳೆಯ ಹೊಸ ಪುಸ್ತಕಗಳ ಸಣ್ಣ ಅಂಗಡಿಗಳು ಎರಡು ಬದಿಗಳಲ್ಲಿಯೂ ಕಿಕ್ಕಿರಿದಿವೆ. ಆ ವಿಶ್ವವಿದ್ಯಾಲಯದ ಮೊದಲ ಪದವೀಧರರಿಬ್ಬರಲ್ಲಿ ಒಬ್ಬರಾದ ಬಂಕಿಮಚಂದ್ರರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದದ್ದರಿಂದಲೇ ನಮ್ಮ ಅಜ್ಜ ಅಜ್ಜಿಯರ ತಲೆಮಾರಿಗೆ ಕಾದಂಬರಿ ಓದುವ ರುಚಿ ಹತ್ತಿತೆಂಬುದನ್ನು ನೆನೆದರೆ, ಈ ಬೀದಿಗೆ ನಮ್ಮ ಋಣ ಸಣ್ಣದಲ್ಲವೆಂದು ತೋರುತ್ತದೆ. ಪಕ್ಕದ ಆಲ್ಬರ್ಟ್ ಹಾಲಿನ ಮಹಡಿಯಲ್ಲಿ ಕಾಫಿ ಹೌಸ್ ಇದೆ. ಕಾಫಿ ಬೋರ್ಡಿನ ಆಶ್ರಯದಲ್ಲಿ ಆರಂಭವಾಗಿ ಮುಂದೆ ನೌಕರರ ಸಹಕಾರ ಸಂಘದ ವಶವಾದ ಈ ವಿಶಾಲ ಸಭಾಂಗಣದಲ್ಲಿ, ವಂಗದೇಶದ ಕವಿಗಳೂ ಚಿತ್ರನಿರ್ಮಾಪಕರೂ ರಾಜಕಾರಣಿಗಳೂ ಗಂಟೆಗಟ್ಟಲೆ ವಾದಿಸಿದ ಮೇಜುಗಳ ನಡುವೆ ಕುಳಿತು ಕಾಲಿಗೆ ವಿಶ್ರಾಂತಿ ಕೊಡಬಹುದು.

ಮೂರನೆಯ ದಿನದ ಆರಂಭ ಡಾಲ್‌ಹೌಸಿ ಚೌಕದಲ್ಲಿ, ಈಗಿನ ಬಿ.ಬಿ.ಡಿ. ಬಾಗಿನಲ್ಲಿ. ಕೆರೆಯ ಸುತ್ತ ರೈಟರ್ಸ್ ಕಟ್ಟಡವೂ ಗುಮ್ಮಟದ ಪ್ರಧಾನ ಅಂಚೆ ಕಚೇರಿಯೂ ಇವೆ. ಸ್ವಲ್ಪ ದೂರದ ಸೇಂಟ್ ಜಾನ್ ಚರ್ಚಿನ ಆವರಣದಲ್ಲಿ ಚಾರ್ನಾಕನ ಸಮಾಧಿ. ಇವನ್ನೆಲ್ಲ ಹೊರಗಿನಿಂದ ನೋಡಿದರೆ ಸಾಕು. ಆದರೆ 1803ರಲ್ಲಿ ಪೂರ್ಣಗೊಂಡ ರಾಜಭವನದ ಹೆಬ್ಬಾಗಿಲ ಮುಂದೆ ಕನ್ನಡಿಗನು ಕೊಂಚ ಹೊತ್ತು ನಿಲ್ಲುವುದು ಸಹಜ, ಏಕೆಂದರೆ ಅದನ್ನು ಕಟ್ಟಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯೇ 1799ರಲ್ಲಿ ಶ್ರೀರಂಗಪಟ್ಟಣದ ಪತನಕ್ಕೆ ಕಾರಣವಾದ ಯುದ್ಧವನ್ನು ಹೂಡಿದವನು. ಅಲ್ಲಿಂದ ಹತ್ತು ನಿಮಿಷ ನಡೆದರೆ ಧರ್ಮತಲಾದ ಮೂಲೆಯಲ್ಲಿ ಟಿಪ್ಪು ಸುಲ್ತಾನ್ ಮಸೀದಿ. 1806ರ ವೆಲ್ಲೂರಿನ ಸಿಪಾಯಿದಂಗೆಯ ಬಳಿಕ ಟಿಪ್ಪುವಿನ ಕುಟುಂಬವನ್ನು ಕಂಪನಿ ಸರ್ಕಾರ ಕಲ್ಕತ್ತೆಗೆ ಗಡೀಪಾರು ಮಾಡಿತು. ಕಿರಿಯ ಮಗ ಗುಲಾಮ್ ಮಹಮ್ಮದನು ತಂದೆಯ ನೆನಪಿಗಾಗಿ 1842ರಲ್ಲಿ ಈ ಮಸೀದಿಯನ್ನು ಕಟ್ಟಿಸಿದನು. ಕಾವೇರಿಯ ದ್ವೀಪದಲ್ಲಿ ಆರಂಭವಾದ ಒಂದು ಮನೆತನದ ಕಥೆ ಗಂಗೆಯ ದಡದಲ್ಲಿ ಮುಂದುವರಿದದ್ದು ಹೀಗೆ. ಚಾಮರಾಜೇಂದ್ರ ಒಡೆಯರು ಅಕಾಲಮರಣಕ್ಕೆ ತುತ್ತಾದದ್ದೂ ಇದೇ ಊರಿನಲ್ಲಿ, 1894ರ ಡಿಸೆಂಬರಿನಲ್ಲಿ. ಆಗ ಅವರ ಮಗ ನಾಲ್ವಡಿಯವರು ಹತ್ತು ವರ್ಷದ ಬಾಲಕ. ಮೈಸೂರಿನ ಎರಡು ರಾಜವಂಶಗಳ ದುಃಖವನ್ನೂ ಕಂಡ ಈ ನಗರವನ್ನು ನಮ್ಮ ಮಾರ್ಗದರ್ಶಿ ಪುಸ್ತಕಗಳು ಆ ದೃಷ್ಟಿಯಿಂದ ಪರಿಚಯಿಸದಿರುವುದು ಖೇದದ ಸಂಗತಿ.

ಇನ್ನು ಭಾರತೀಯ ವಸ್ತುಸಂಗ್ರಹಾಲಯ. ಜನ ಜಾದೂಘರ್ ಎನ್ನುವ ಈ ಸಂಸ್ಥೆ 1814ರಲ್ಲಿ ಏಷ್ಯಾಟಿಕ್ ಸೊಸೈಟಿಯ ಆಶ್ರಯದಲ್ಲಿ ಹುಟ್ಟಿದ್ದು, ದೇಶದಲ್ಲಿಯೇ ಅತ್ಯಂತ ಹಳೆಯದು. ಈಜಿಪ್ಟಿನ ಮಮ್ಮಿಯ ಮುಂದೆ ಜನಜಂಗುಳಿ. ನೀವು ನೇರವಾಗಿ ಭಾರಹುತ ಸ್ತೂಪದ ಶಾಲೆಗೆ ಹೋಗಿ. ಕ್ರಿ.ಪೂ. 2ನೆಯ ಶತಮಾನದ ಕೆಂಪುಮರಳುಗಲ್ಲಿನ ಆ ಕಟಾಂಜನದ ಮೇಲೆ ಜಾತಕಕಥೆಗಳನ್ನು ಕೆತ್ತಿ, ಯಾವ ದೃಶ್ಯ ಯಾವುದೆಂದು ಬ್ರಾಹ್ಮೀ ಲಿಪಿಯಲ್ಲಿ ಬರೆದಿಟ್ಟಿದ್ದಾರೆ. ಈ ಲಿಪಿಯನ್ನು 1837ರಲ್ಲಿ ಓದಿದವನು ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್. ಸಾಂಚಿಯ ಕಂಬಗಳ ಮೇಲಿನ ಕಿರುಬರಹಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಶಬ್ದ ‘ದಾನಂ’ ಆಗಿರಬೇಕೆಂಬ ಊಹೆ ಅವನಿಗೆ ಕೀಲಿಕೈಯಾಯಿತು. ಈ ಲಿಪಿಯ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆಗೆ ನಿಸ್ಸಂದಿಗ್ಧವಾದ ಉತ್ತರ ದೊರೆತದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ ಸಿಕ್ಕ ಬಂಡೆಬರಹದಲ್ಲಿ ಅಶೋಕನ ಹೆಸರೇ ಕಾಣಿಸಿಕೊಂಡಾಗ. ಮಸ್ಕಿಯನ್ನೋ ಬ್ರಹ್ಮಗಿರಿಯನ್ನೋ ನೋಡಿ ಬಂದವರು ಪಾರ್ಕ್ ಸ್ಟ್ರೀಟಿನ ಏಷ್ಯಾಟಿಕ್ ಸೊಸೈಟಿಯಲ್ಲಿರುವ ಬೈರಾಟದ ಅಶೋಕಶಾಸನದ ಶಿಲೆಯನ್ನೂ ನೋಡಲು ಅನುಮತಿ ಕೇಳಬೇಕು. ಪ್ರಿನ್ಸೆಪ್ ನಲವತ್ತನೆಯ ವಯಸ್ಸಿಗೆ, 1840ರಲ್ಲಿ ತೀರಿಕೊಂಡನು. ನಾಗರಿಕರು ಅವನ ಸ್ಮರಣೆಗಾಗಿ ನದಿಯ ದಡದಲ್ಲಿ ಕಂಬಸಾಲಿನ ಮಂಟಪವೊಂದನ್ನು ಕಟ್ಟಿದರು. ಆ ಪ್ರಿನ್ಸೆಪ್ ಘಾಟಿಗೆ ಅದೇ ಸಂಜೆ ಹೋಗಿ. ಮಂಟಪದ ಪಕ್ಕದಲ್ಲಿಯೇ 1992ರ ವಿದ್ಯಾಸಾಗರ ಸೇತುವೆ ಏರುತ್ತದೆ. ದೋಣಿಯವರೊಡನೆ ಬಾಡಿಗೆಯನ್ನು ಮೊದಲೇ ನಿಷ್ಕರ್ಷೆ ಮಾಡಿಕೊಂಡು ಅರ್ಧ ಗಂಟೆ ನೀರಿನ ಮೇಲಿರಬಹುದು.

ವಿಕ್ಟೋರಿಯಾ ಸ್ಮಾರಕವನ್ನು ಎಲ್ಲರೂ ನೋಡುವುದರಿಂದ ಅದರ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. 1906ರಲ್ಲಿ ಅಡಿಗಲ್ಲು ಹಾಕಿ 1921ರಲ್ಲಿ ತೆರೆದ, ಮಕರಾನದ ಅಮೃತಶಿಲೆಯ ಈ ಸೌಧ ಮುಗಿಯುವಷ್ಟರಲ್ಲಿ ರಾಜಧಾನಿಯೇ ಇಲ್ಲಿಂದ ಹೊರಟುಹೋಗಿತ್ತು. ನಾಲ್ಕನೆಯ ಬೆಳಗ್ಗೆ ತೋಟದಲ್ಲಿ ಅಡ್ಡಾಡಿ, ಬಾಗಿಲು ತೆರೆದೊಡನೆ ಚಿತ್ರಶಾಲೆಯೊಳಗೆ ಹೋಗಿ ಡೇನಿಯಲ್ ಬಂಧುಗಳು ಬರೆದ ಹಳೆಯ ಭಾರತದ ಚಿತ್ರಗಳನ್ನು ನೋಡಿದರೆ ಶ್ರಮ ಸಾರ್ಥಕ. ಮಧ್ಯಾಹ್ನ ಪಶ್ಚಿಮದಡದ ಶಿವಪುರಕ್ಕೆ ಹೋಗಿ: 1787ರಲ್ಲಿ ರಾಬರ್ಟ್ ಕಿಡ್ ಸ್ಥಾಪಿಸಿದ ಸಸ್ಯೋದ್ಯಾನ, ಇಂದು ಜಗದೀಶಚಂದ್ರ ಬೋಸರ ಹೆಸರಿನದು. ಇನ್ನೂರೈವತ್ತು ವರ್ಷಕ್ಕೂ ಹಳೆಯದಾದ ಅಲ್ಲಿಯ ಆಲದ ಮರ ಮೂರು ಎಕರೆಗೂ ಮಿಕ್ಕ ನೆಲವನ್ನು ಆವರಿಸಿದೆ. ಚಂಡಮಾರುತಗಳಿಂದ ಜರ್ಜರಿತವಾಗಿ ಕೊಳೆರೋಗ ಹಿಡಿದ ತಾಯಿಕಾಂಡವನ್ನು 1925ರಲ್ಲಿ ಕತ್ತರಿಸಿ ತೆಗೆದ ಮೇಲೂ ಸಾವಿರಾರು ಬಿಳಲುಗಳ ಮೇಲೆ ನಿಂತು ಬೆಳೆಯುತ್ತಲೇ ಇದೆ. ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ಕಂಡವರಿಗೆ ಇದರ ರೀತಿ ಅಪರಿಚಿತವೆನಿಸದು. ಪ್ರಮಾಣ ಮಾತ್ರ ಬೆರಗುಗೊಳಿಸುತ್ತದೆ. ಉದ್ಯಾನ ವಿಸ್ತಾರವಾದದ್ದರಿಂದ ಕುಡಿಯುವ ನೀರು ಕೈಯಲ್ಲಿರಲಿ.

ಎರಡೇ ದಿನ ಇರುವವರು ದಕ್ಷಿಣೇಶ್ವರದಿಂದ ಬೇಲೂರಿಗೆ ದೋಣಿಯ ಪಯಣ, ಜೋಡಾಸಾಂಕೋ, ಕಾಲೇಜು ಬೀದಿ, ವಸ್ತುಸಂಗ್ರಹಾಲಯ, ಪ್ರಿನ್ಸೆಪ್ ಘಾಟ್ ಇಷ್ಟನ್ನೇ ಆರಿಸಿಕೊಳ್ಳಲಿ. ಊರೊಳಗಿನ ಓಡಾಟಕ್ಕೆ ಉತ್ತರದಿಂದ ದಕ್ಷಿಣಕ್ಕೆ ಹೋಗುವ ಮೆಟ್ರೋ ಮಾರ್ಗವೊಂದೇ ಮುಕ್ಕಾಲು ಪಾಲು ಸಾಲುತ್ತದೆ. 2024ರಿಂದ ಹೂಗ್ಲಿಯ ತಳದಡಿಯ ಸುರಂಗದಲ್ಲಿ ಹೌರಾಕ್ಕೂ ಮೆಟ್ರೋ ಓಡುತ್ತಿದೆ. 1873ರಲ್ಲಿ ಕುದುರೆಗಳಿಂದ ಆರಂಭವಾಗಿ 1902ರಲ್ಲಿ ವಿದ್ಯುತ್ತಿಗೆ ಬದಲಾದ ಟ್ರಾಮ್ ಈಗ ಬಹುತೇಕ ಕಣ್ಮರೆಯಾಗಿದೆ; ಓಡುತ್ತಿರುವ ಮಾರ್ಗವೇನಾದರೂ ಇದೆಯೇ ಎಂದು ಎಸ್‌ಪ್ಲನೇಡಿನಲ್ಲಿ ವಿಚಾರಿಸಿ, ಇದ್ದರೆ ತಪ್ಪದೆ ಹತ್ತಿ.

ಮೀನು ವಂಗೀಯರ ನಿತ್ಯಾಹಾರವಾದ್ದರಿಂದ ಸಸ್ಯಾಹಾರಿಗಳು ಉಪವಾಸ ಬೀಳಬೇಕಾದೀತೆಂಬ ಭಯ ನಮ್ಮಲ್ಲುಂಟು, ಅದು ನಿರಾಧಾರ. ಬೆಳಗಿನ ಕಚೋರಿ, ಆಲೂಗಡ್ಡೆಯ ಪಲ್ಯದ ಜೊತೆಗೆ ಲೂಚಿ, ತೆಂಗಿನಚೂರು ಹಾಕಿದ ಕಡಲೆಬೇಳೆಯ ದಾಲು ಎಲ್ಲೆಡೆಯೂ ಸಿಕ್ಕುತ್ತವೆ. ಸಾಸಿವೆಯೆಣ್ಣೆಯ ಘಾಟು ಒಗ್ಗದವರು ಕಾಳೀಘಾಟ್ ಮೆಟ್ರೋ ನಿಲ್ದಾಣದಲ್ಲಿಳಿದು, ದಾಕ್ಷಿಣಾತ್ಯರು ಬಹುಕಾಲದಿಂದ ನೆಲಸಿರುವ ಲೇಕ್ ಮಾರ್ಕೆಟ್ಟಿನ ಸುತ್ತಣ ಹೋಟೆಲುಗಳಿಗೆ ಹೋದರೆ ಇಡ್ಲಿ, ದೋಸೆ, ಸಾರನ್ನ ದೊರೆಯುತ್ತದೆ. ಚಳಿಗಾಲದಲ್ಲಿ ಹೋದವರು ಈಚಲುಮರದ ರಸದಿಂದ ಕಾಯಿಸಿದ ಹೊಸಬೆಲ್ಲದ ಸಂದೇಶವೆಂಬ ಸಿಹಿಯನ್ನು ತಿನ್ನದೆ ಬರಬಾರದು. ಅದು ಒಂದೆರಡು ದಿನಕ್ಕಿಂತ ಹೆಚ್ಚು ಕಾಲ ಕೆಡದಿರುವುದಿಲ್ಲ. ಆದ್ದರಿಂದ ಸಂದೇಶವನ್ನು ಅಲ್ಲಿಯೇ ತಿಂದು, ಊರಿನವರಿಗೆ ಡಬ್ಬಿಯಲ್ಲಿ ಭದ್ರಪಡಿಸಿದ ರಸಗುಲ್ಲವನ್ನು ತರುವುದು ಸರಿಯಾದ ಏರ್ಪಾಡು.